ಖಾಲಿತನದ ವರ್ಗಾವಣೆ

"ಒಂದೇ ಮನೇಲಿರೋ ಎರಡು ಕಂಪ್ಯೂಟರು ಒಂದನ್ನೊಂದು ಮಾತಾಡಿಸಲ್ಲ ಅಂದ್ರೆ ಅದು ಮನೆ ಯಜಮಾನನಿಗೆ ಅವಮಾನ," ಎಂದು ತಜ್ಞರು ಶನಿವಾರ ಬೆಳಿಗ್ಗೆ ಅಂಗಿಯ ತೋಳು ಮಡಚುತ್ತ ಘೋಷಿಸಿದರು. "ಇವತ್ತು ಅವೆರಡಕ್ಕೂ ಸಂಬಂಧ ಕುದುರಿಸಿಯೇ ನಾನು ಸ್ನಾನಕ್ಕೆ ಹೋಗೋದು."

ತಜ್ಞರು ಎನ್ನುವುದು ಹೆಸರಲ್ಲ, ಬಿರುದು. ಕಾಗದದ ಗೋದಾಮಿನಲ್ಲಿ ಅವರು ಗುಮಾಸ್ತರು. ಆಫೀಸಿನ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಹಾಳೆಯೊಂದನ್ನು ಚಿಮಟದಿಂದ ಹೊರಗೆಳೆದ ದಿನದಿಂದ ಎಲ್ಲರೂ ಅವರನ್ನು ಹಾಗೆ ಕರೆಯತೊಡಗಿದ್ದರು. ಕರೆಯುವುದು ತಮಾಷೆಗೆ ಎನ್ನುವುದು ಅವರೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿತ್ತು.

ಅವರ ಹೆಂಡತಿ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವಾಕೆ. ವರ್ಷಗಟ್ಟಲೆ ಚಿಲ್ಲರೆ ಕೆಲಸ ಮಾಡಿದ ಮೇಲೆ ಆಕೆಗೆ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು: ಒಂದು ಹಾಸ್ಟೆಲಿನ ಅಡುಗೆಮನೆಯನ್ನು ಪೂರ್ತಿ ಹೊಸದಾಗಿ ಕಟ್ಟುವ ನಕ್ಷೆ. ಅದು ಸಂಜೆಯೊಳಗೆ ವಾರ್ಡನ್ ಕೈ ಸೇರಬೇಕು. ಸೇರದಿದ್ದರೆ ಕೆಲಸ ಬೇರೆಯವರ ಪಾಲು. ನಕ್ಷೆ ಮುಗಿದಿತ್ತು, ಆದರೆ ಇದ್ದದ್ದು ಹಳೆಯ ಕಂಪ್ಯೂಟರಿನಲ್ಲಿ. ಅದೋ, ಸ್ವಲ್ಪ ಬಿಸಿಯಾದರೂ ನರಳಿ ನರಳಿ ಕಣ್ಣು ಮುಚ್ಚುತ್ತಿತ್ತು. ಅದಕ್ಕೇ ಹಾಲಿಗೆ ಹೊಸದೊಂದು ಬಂದು ಕೂತಿತ್ತು.

"ಒಂದು ಪೆನ್‌ಡ್ರೈವ್ ತಂದ್ಬಿಡಿ ರೀ, ಮುಗೀತು," ಎಂದಳು ಹೆಂಡತಿ.

"ಪೆನ್‌ಡ್ರೈವಾ? ಕೆರೆ ನೀರನ್ನ ಲೋಟದಲ್ಲಿ ಹೊರ್ತಾರೇನೇ? ನಾನು ಕಾಲುವೆನೇ ತೋಡ್ತೀನಿ."

"ತೋಡಿ. ನನ್ನ ನಕ್ಷೆ ಕೊಚ್ಕೊಂಡು ಹೋಗ್ದಿದ್ರೆ ಸಾಕು."

ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರಿನಿಂದ ಕಾಲುವೆ, ಎಂದರೆ ಒಂದು ಉದ್ದನೆಯ ತಂತಿ, ಹೊರಟಿತು. ಮಂಚವನ್ನು ಬಳಸಿ, ಬಾಗಿಲಡಿ ನುಸುಳಿ, ಕುರ್ಚಿಯ ಕಾಲಿಗೆ ಒಂದು ಸುತ್ತು ಹಾಕಿ ಹಾಲಿನ ಹೊಸ ಕಂಪ್ಯೂಟರಿನ ಬೆನ್ನಿಗೆ ಸೇರಿತು. ತಜ್ಞರ ತಾಯಿ ಅದಕ್ಕೆ ಕಾಲು ತೊಡರಿ ಗೋಡೆ ಹಿಡಿದು ನಿಂತರು.

"ಏನೋ ಇದು, ಮನೆ ತುಂಬ ಬಲೆ ಹಾಕಿದ್ದೀಯ. ಯಾರನ್ನ ಹಿಡೀಬೇಕು?"

"ಇದರಲ್ಲಿ ಫೈಲ್ ಬರುತ್ತಮ್ಮ."

"ಬರೋದು ಬರ್ಲಿ. ನಾನು ಬಚ್ಚಲಿಗೆ ಹೋಗೋದು ಯಾವ ಕಡೆಯಿಂದ?"

ತಂತಿಯೇನೋ ಸೇರಿತು, ಮನಸ್ಸು ಸೇರಲಿಲ್ಲ. ಜಗಳವಾಡಿಕೊಂಡ ಓರಗಿತ್ತಿಯರ ಹಾಗೆ ಎರಡೂ ಕಂಪ್ಯೂಟರುಗಳು ಮುಖ ತಿರುಗಿಸಿ ಕೂತವು. ತಜ್ಞರು ಕೋಣೆಗೆ ಓಡಿದರು, ಹಾಲಿಗೆ ಓಡಿದರು. ಇಲ್ಲಿ ಒಂದು ಒತ್ತಿ ಅಲ್ಲಿ ನೋಡಿದರು, ಅಲ್ಲಿ ಎರಡು ಒತ್ತಿ ಇಲ್ಲಿ ನೋಡಿದರು. ಚಪ್ಪಲಿ ಒಂದು ಕೋಣೆಯಲ್ಲಿ, ಇನ್ನೊಂದು ಹಾಲಿನಲ್ಲಿ ಉಳಿಯಿತು. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂತು. ಹೆಂಡತಿ ಪೆನ್ಸಿಲ್ ಕಚ್ಚುತ್ತ ಬಾಗಿಲಲ್ಲಿ ನಿಂತಳು, ಹೋದಳು, ಮತ್ತೆ ಬಂದಳು.

"ಆಯ್ತಾ?"

"ಆಗ್ತಿದೆ."

"ಏನಾಗ್ತಿದೆ ಅಂತ ಕೇಳ್ಬಹುದಾ?"

"ಕೇಳ್ಬಾರ್ದು."

ಹೆಂಡತಿಗೆ ಹೊಸ ಕಂಪ್ಯೂಟರು ಹೊಸದೆನಿಸಬಾರದು ಎಂಬ ಪ್ರೀತಿಯಿಂದ ತಜ್ಞರು ಮೊದಲೇ ಒಂದು ಉಪಕಾರ ಮಾಡಿಟ್ಟಿದ್ದರು. ಹಳೆಯದರ ಹೆಸರನ್ನೇ ಹೊಸದಕ್ಕೂ ಇಟ್ಟಿದ್ದರು. ಅದರಲ್ಲಿದ್ದ ಫೋಲ್ಡರುಗಳ ಹೆಸರುಗಳನ್ನೆಲ್ಲ ಇದರಲ್ಲೂ ಬರೆದಿದ್ದರು, ದಿನಸಿ ಬರುವ ಮೊದಲೇ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದ ಖಾಲಿ ಡಬ್ಬಿಗಳ ಹಾಗೆ.

ಕಡೆಗೂ ಕಂಪ್ಯೂಟರುಗಳು ಕಣ್ಣು ಬಿಟ್ಟು ಒಂದನ್ನೊಂದು ನೋಡಿದವು. 'ಎರಡನ್ನೂ ಒಂದೇ ಥರ ಮಾಡಲೇ?' ಎಂದು ಪರದೆ ಕೇಳಿತು. ಇಷ್ಟು ವಿನಯವಾಗಿ ತಜ್ಞರನ್ನು ಆ ಮನೆಯಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲ. ಮಾಡು ಎಂದರು. 'ಯಾವುದರಂತೆ ಯಾವುದನ್ನು?' ಎಂದು ಮತ್ತೆ ಕೇಳಿತು. ಮೇಲೊಂದು, ಕೆಳಗೊಂದು, ಎರಡಕ್ಕೂ ಒಂದೇ ಹೆಸರು. ತಜ್ಞರು ಕ್ಷಣಕಾಲ ತಬ್ಬಿಬ್ಬಾದರು. ಆದರೆ ಅವರು ಸಂಸ್ಕಾರವಂತರ ಮನೆಯಲ್ಲಿ ಬೆಳೆದವರು. ಹಿರಿಯರಿರುವಾಗ ಕಿರಿಯರು ಮೇಲೆ ಕೂರುವುದುಂಟೇ? ಮೇಲಿರುವುದೇ ಹಳೆಯದು. ಹಾಗೆಂದು ತೀರ್ಮಾನಿಸಿ, ಮೇಲಿನದರಂತೆ ಕೆಳಗಿನದನ್ನು ಎಂದು ಒತ್ತಿದರು.

ಬೆರಳೆತ್ತುವ ಮೊದಲೇ ಕೆಲಸ ಮುಗಿದಿತ್ತು!

"ನೋಡಿದ್ಯೇನೇ ಸ್ಪೀಡು? ಪೆನ್‌ಡ್ರೈವಂತೆ, ಪೆನ್‌ಡ್ರೈವು."

ಹೆಂಡತಿ ಬಂದು ಹೊಸ ಕಂಪ್ಯೂಟರಿನಲ್ಲಿ ಹಾಸ್ಟೆಲಿನ ಫೋಲ್ಡರ್ ತೆರೆದಳು. "ಇದು ಖಾಲಿ ಇದೆಯಲ್ರೀ."

"ದಾರೀಲಿರ್ಬೇಕು." ತಜ್ಞರು ತಂತಿಯನ್ನು ಎತ್ತಿ, ಹಾಲಿನ ಕಡೆಗೆ ಇಳಿಜಾರಾಗಿ ಹಿಡಿದು ಒಮ್ಮೆ ಕೊಡವಿದರು.

ಆಕೆ ಕೋಣೆಗೆ ಹೋದಳು. ಅಲ್ಲಿಯೂ ಫೋಲ್ಡರ್ ಖಾಲಿ. ಅದರ ಪಕ್ಕದ್ದೂ ಖಾಲಿ. ಹೊಸ ಕಂಪ್ಯೂಟರಿನೊಳಗಿದ್ದ ಖಾಲಿತನವೆಲ್ಲ ಒಂದು ಚೂರೂ ಚೆಲ್ಲದೆ ಹಳೆಯದಕ್ಕೆ ವರ್ಗಾವಣೆಯಾಗಿತ್ತು. ಹೊರೆ ಇಳಿದ ಆ ಮುದಿ ಯಂತ್ರ ಬಹಳ ಕಾಲದ ನಂತರ ನರಳದೆ, ಹಗುರವಾಗಿ, ತಣ್ಣಗೆ ಓಡುತ್ತಿತ್ತು.

ತಜ್ಞರು ಕಂಪ್ಯೂಟರಿನ ಕಸದ ಬುಟ್ಟಿಯನ್ನು ಮಗುಚಿ ಹಾಕಿದರು. ತಂತಿಯ ಮೂಲಕ ಅಳಿಸಿದ್ದು ಬುಟ್ಟಿಗೆ ಬೀಳುವುದೇ ಇಲ್ಲವಂತೆ. ರಿಪೇರಿಯವನಿಗೆ ಫೋನ್ ಮಾಡಿದರೆ, "ತಂದ್ಕೊಡಿ, ವಾರ ಆಗುತ್ತೆ, ಸಿಕ್ಕೇ ಸಿಗುತ್ತೆ ಅಂತ ಹೇಳಕ್ಕಾಗಲ್ಲ," ಎಂದ. ಹೆಂಡತಿ ಕೂಗಾಡಿದ್ದರೆ ತಜ್ಞರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಕೂದಲನ್ನು ಎತ್ತಿ ಕಟ್ಟಿಕೊಂಡು, ಅಳತೆಯ ಟೇಪನ್ನು ತಂದು ಅವರ ಅಂಗೈಯಲ್ಲಿಟ್ಟಳು.

"ನಕ್ಷೆ ನನ್ನ ತಲೇಲಿದೆ. ಅಳತೆ ಇಲ್ಲ. ಹಾಸ್ಟೆಲಿಗೆ ಹೋಗಿ ಅಳೀರಿ, ಫೋನಲ್ಲಿ ಹೇಳ್ತಾ ಹೋಗಿ."

"ಸ್ನಾನ ಆಗಿಲ್ಲ ಕಣೇ."

"ಒಲೆ ಕೆಳಗೆ ತೂರೋಕೆ ಸ್ನಾನ ಯಾಕೆ?"

ಹಾಸ್ಟೆಲಿನ ಅಡುಗೆಮನೆಯಲ್ಲಿ ಊಟದ ಹೊತ್ತಿನ ಗದ್ದಲ. ತಜ್ಞರು ಕಿವಿಗೆ ಫೋನ್ ಅಂಟಿಸಿಕೊಂಡು, ಮಂಡಿಯೂರಿ, ಎಣ್ಣೆಜಿಡ್ಡಿನ ನೆಲದ ಮೇಲೆ ತೆವಳಿದರು.

"ಯಾರ್ರೀ ಅದು, ಒಲೆ ಅಡೀಲಿ?" ಎಂದ ಅಡುಗೆಯವ.

"ತಜ್ಞ."

"ಯಾತರ ತಜ್ಞ?"

ಅಷ್ಟರಲ್ಲಿ ಕಿವಿಯಲ್ಲಿ ಫೋನು ಚೀರಿತು. "ಸಿಂಕಿಂದ ಕಿಟಕಿಗೆ ಎಷ್ಟು?"

"ಇರು, ಟೇಪು ಪಾತ್ರೆಗೆ ಬಿತ್ತು."

"ಯಾವ ಪಾತ್ರೆ?"

"ಕುದೀತಿರೋದು."

ವಾರ್ಡನ್ ಬ್ಯಾಗು ಹೆಗಲಿಗೇರಿಸುವ ಹೊತ್ತಿಗೆ, ಹೆಂಡತಿ ಹೊಸ ಕಂಪ್ಯೂಟರಿನಲ್ಲಿ ಮತ್ತೆ ಬರೆದ ನಕ್ಷೆ ಅವರನ್ನು ತಲುಪಿತು. ಅವರು ನಿಂತಲ್ಲೇ ನೋಡಿ, ಕೆಲಸ ನಿಮ್ಮದೇ ಎಂದರು.

ಮಸಿ ಮೆತ್ತಿದ ಮಂಡಿಗಳೊಂದಿಗೆ ಮನೆಗೆ ಬಂದ ತಜ್ಞರಿಗೆ ಆ ಸುದ್ದಿ ಕೇಳಿದ್ದೇ ತಡ, ಹೋಗಿದ್ದ ಜೀವವೂ ಮಾತೂ ಒಟ್ಟಿಗೆ ಬಂದವು. "ನೋಡು, ಕಡೆಗೂ ನಕ್ಷೆ ಹೊಸ ಕಂಪ್ಯೂಟರಿಗೆ ಬಂತೋ ಇಲ್ವೋ? ಬೆಳಿಗ್ಗೆ ನಾನು ಹೇಳಿದ್ದೂ ಅದನ್ನೇ."

"ಒಂದು ಬಂತು," ಎಂದು ಹೆಂಡತಿ ಪರದೆಯ ಮೇಲಿನ ಖಾಲಿ ಫೋಲ್ಡರುಗಳ ಸಾಲಿನ ಕಡೆ ಕೈ ತೋರಿಸಿದಳು. "ಇಷ್ಟೂ ಕೆಲಸ ನಡೀತಿರೋ ಮನೆಗಳು. ಇನ್ನೊಂದ್ಸಲ ಎಲ್ಲಾನೂ ಅಳೀಬೇಕು. ನಾಳೆ ನಿಮ್ಮ ಮ್ಯಾನೇಜರ್ ಮನೆಯಿಂದ ಶುರು. ಭಾನುವಾರ ಅಲ್ವಾ, ಮನೇಲೇ ಇರ್ತಾರೆ. ಫೋನ್ ಮಾಡಿ, ನೀವೇ ಬರ್ತೀರಿ ಅಂತ ಹೇಳಿದ್ದೀನಿ."

ತಜ್ಞರು ನಿಧಾನವಾಗಿ ಕುರ್ಚಿ ಹಿಡಿದು ಕೂತರು. "ಏನಂದ್ರು?"

"ತುಂಬ ಖುಷಿಯಾಯ್ತಂತೆ. ಬಚ್ಚಲಲ್ಲಿ ನೀರು ಹೋಗೋ ತೂತು ಕಟ್ಕೊಂಡಿದೆಯಂತೆ. ಬರುವಾಗ ಚಿಮಟ ತರೋಕೆ ಹೇಳಿ ಅಂದ್ರು."