ಮಾವನ ಸೂಜಿ ಪುರಾಣ

ರಾಯದುರ್ಗದ ನನ್ನ ಸೋದರಮಾವನಿಗೆ ಯಾರ ಹೆಸರೂ ನೆನಪಿರುವುದಿಲ್ಲ. ಆದರೆ ಯಾರ ಮಗುವಿಗೆ ಯಾವ ಸೂಜಿ ಬಾಕಿ ಇದೆ ಅನ್ನುವುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ!

ಅವರು ಡಾಕ್ಟರಲ್ಲ, ಬಟ್ಟೆ ವ್ಯಾಪಾರಿ. ಒಮ್ಮೆ ಬೆಳುಗುಪ್ಪದಿಂದ ಗಂಡ-ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ಸೀರೆಗೆ ಬಂದರು.

"ಸೀರೆ ಆಮ್ಯಾಲ ತೋರಿಸ್ತೀನ್ರಿ. ಮೊದ್ಲು ಕೂಸಿನ ಲಸಿಕೆ ಕಾರ್ಡ್ ತೋರಿಸ್ರಿ," ಅಂದರು ಮಾವ.

ಆಮೇಲೆ ಊರೆಲ್ಲ ಸುದ್ದಿ: ಆ ಅಂಗಡೀಲಿ ಕಾರ್ಡ್ ಇಲ್ಲದಿದ್ದರೆ ಸೀರೆ ಕೊಡುವುದಿಲ್ಲವಂತೆ! ಮಕ್ಕಳಿಲ್ಲದವರು ಆಧಾರ್ ಕಾರ್ಡ್ ಹಿಡಿದುಕೊಂಡು ಬರತೊಡಗಿದರು.

ಇಂಥವರು ನನ್ನನ್ನು ಬಿಟ್ಟಾರೆಯೇ? ನಾನಿರುವುದು ರೊಳ್ಳದಲ್ಲಿ. ಒಂದು ಮಂಗಳವಾರ ಫೋನು ಬಂತು. "ಮೂರೂವರೆ ತಿಂಗಳ ಸೂಜಿ ನಾಳೆ ಐತಲ್ಲವ್ವ?"

"ಮಗಳಿಗೆ ನೆಗಡಿ ಮಾವ. ಅತ್ತೆ ಬೇಡ ಅಂತಿದಾರೆ. ಮುಂದೆ ನೋಡೋಣ."

ಫೋನು ಕಟ್ಟಾಯಿತು. ಮರುದಿನ ಮುಂಜಾನೆ ಬಾಗಿಲು ತೆಗೆದರೆ ಮಾವ! ಎರಡು ಬಸ್ಸು ಬದಲಿಸಿ ಬಂದಿದ್ದರು.

ನಮ್ಮತ್ತೆ ಮಗುವನ್ನು ಅಪ್ಪಿಕೊಂಡು, "ಮಗೀಗೆ ನೆಗಡಿ ಆಗೈತಲ್ಲಣ್ಣ," ಅಂದರು.

"ನೆಗಡಿ ಆಗಿರೋದು ಮೂಗಿಗೆ. ಸೂಜಿ ಹಾಕೋದು ತೊಡಿಗೆ ಅಲ್ಲೇನ್ರಿ ಅಕ್ಕಾರೆ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ಎಲ್ಲರೂ ಅಂಗನವಾಡಿಗೆ ಹೊರಟೆವು. ಸಿಸ್ಟರ್ ಮಗುವಿನ ಮೈಮುಟ್ಟಿ, "ಜ್ವರ ಇಲ್ಲ. ಸಣ್ಣ ನೆಗಡಿಗೆಲ್ಲ ಲಸಿಕೆ ನಿಲ್ಲಿಸಬಾರದಮ್ಮ," ಅಂದರು. ಮಾವ ಗೆದ್ದವರಂತೆ ಮೀಸೆ ತಿರುವಿದರು. ಸಿಸ್ಟರ್ ಸೂಜಿ ಎತ್ತಿದರು ನೋಡಿ, "ಯಾಕೋ ಸ್ವಲ್ಪ ಕುಂದ್ರತೀನ್ರಿ..." ಅನ್ನುತ್ತ ಮಾವ ಗೋಡೆಗೊರಗಿ ಜಾರಿ ನೆಲಕ್ಕೆ ಬಂದರು!

ಮಗಳು ಅರ್ಧ ನಿಮಿಷ ಅತ್ತು ಸುಮ್ಮನಾದಳು. "ಮಗೂಗೆ ಹಾಕೋಕೆ ಒಂದು ನಿಮಿಷ, ಈ ತಾತನ್ನ ಎಬ್ಬಿಸೋಕೆ ಹತ್ತು ನಿಮಿಷ!" ಅಂತ ಸಿಸ್ಟರ್ ಮಾವನ ಮುಖಕ್ಕೆ ನೀರು ಚಿಮುಕಿಸಿದರು.

ಸಿಸ್ಟರ್ ಹೇಳಿ ಕಳಿಸಿದ್ದ ಹಾಗೆಯೇ ಮಧ್ಯಾಹ್ನ ಮಗುವಿನ ಮೈ ಸ್ವಲ್ಪ ಬಿಸಿಯಾಯಿತು. ಅವರು ಕೊಟ್ಟ ಜ್ವರದ ಹನಿ ಹಾಕಿ ನಾನು ಮಗುವಿನ ಪಕ್ಕದಲ್ಲೇ ನಿದ್ದೆಹೋದೆ. ಎಚ್ಚರಾದಾಗ ಸಂಜೆ. ಪಡಸಾಲೆಯಲ್ಲಿ ಮಾವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಿಸುಗುಡುತ್ತಿದ್ದರು:

"ಸಿಟ್ಟಾಗಬ್ಯಾಡವ್ವ. ನಿಂಗೆ ನೋವು ಮಾಡ್ಸಿದಾಂವ ನಾನ. ಚೆಂದಾಗಿ ಬೆಳದು ದೊಡ್ಡಾಕಿ ಆಗು. ಆಮ್ಯಾಲ ಎಷ್ಟು ಬೇಕೋ ಅಷ್ಟು ಬೈಯಿ, ಕುಂತು ಬೈಸ್ಕೋತೀನಿ."

ಅವರ ಊರಿನ ಕೊನೆಯ ಬಸ್ಸು ಆಗಲೇ ಹೋಗಿತ್ತು. ನಾನು ಸದ್ದು ಮಾಡದೆ ಒಳಗೆ ಹೋಗಿ, ಅವರಿಗೂ ಸೇರಿಸಿ ಮುದ್ದೆಗೆ ಎಸರಿಟ್ಟೆ.