ಜೋಸಾಯಾ ಸ್ಪ್ರಾಗ್ ಅವರ ನಲವತ್ತೊಂದು ವರ್ಷದ ದುಡಿಮೆ

ನಮ್ಮ ವಂಶದ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ನನ್ನ ಹೆಂಡತಿ ಡೋರೀನ್‌ಗೆ. ಅದೂ ವಂಶದ ಮೇಲಲ್ಲ, ನನ್ನ ಮೇಲೆ.

"ವಾರಕ್ಕೆ ಮೂರು ದಿನ ದಾಖಲೆ ಕಚೇರಿಗೆ ಹೋಗಿ ಸತ್ತವರ ಯೋಗಕ್ಷೇಮ ವಿಚಾರಿಸ್ಕೊಂಡು ಬರ್ತೀಯಲ್ಲ ಸೆಡ್ರಿಕ್, ಇಲ್ಲಿ ಅಂಗಡೀಲಿ ಬದುಕಿರೋಳು ಒಬ್ಬಳಿದಾಳೆ, ನೆನಪಿದೆಯಾ?" ಅನ್ನುತ್ತಿದ್ದಳು. ನಾನು ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದೆ. ಸಂಶೋಧಕನಾದವನು ಸಣ್ಣಪುಟ್ಟ ಮಾತಿಗೆಲ್ಲ ಕಿವಿಗೊಡಬಾರದು. (ಅದೂ ಅಲ್ಲದೆ ಅವಳ ಕೈಯಲ್ಲಿ ಆಗ ಸಾಮಾನ್ಯವಾಗಿ ಸುತ್ತಿಗೆ ಇರುತ್ತಿತ್ತು.)

ಸ್ಟೋಕ್‌ಬರ್ನ್ ಪಟ್ಟಣದ ಹೈ ಸ್ಟ್ರೀಟಿನಲ್ಲಿ ನಮ್ಮದು ಕಬ್ಬಿಣದ ಸಾಮಾನಿನ ಅಂಗಡಿ. ಬೀಗ, ಮೊಳೆ, ತಿರುಪು, ಬಾಗಿಲ ಚಿಲಕ, ತೋಟದ ಗುದ್ದಲಿ, ಕೆಟಲು, ಇಲಿ ಬೋನು, ಎಲ್ಲ ಸಿಗುತ್ತೆ. ಬಾಗಿಲ ಮೇಲೆ 'ಸೆಡ್ರಿಕ್ ಸ್ಪ್ರಾಗ್' ಅಂತ ಚಿನ್ನದ ಬಣ್ಣದ ಅಕ್ಷರ. ಈ ಅಂಗಡಿ ತಾನಾಗೇ ನಡೆಯುತ್ತೆ ಅನ್ನೋದು ನನ್ನ ದೃಢವಾದ ನಂಬಿಕೆಯಾಗಿತ್ತು. ಅದು ತಾನಾಗೇ ನಡೆಯುವಾಗ ಡೋರೀನ್ ಬೆಳಗ್ಗೆ ಎಂಟರಿಂದ ಅಲ್ಲೇ ನಿಂತಿರುತ್ತಿದ್ದಳು, ಅದು ಬೇರೆ ಮಾತು.

ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯ ವಸಂತದಲ್ಲಿ ನಮ್ಮೂರ ಇತಿಹಾಸ ಸಂಘದವರು ಒಂದು ಘನವಾದ ತೀರ್ಮಾನ ಮಾಡಿದರು. ಹೈ ಸ್ಟ್ರೀಟಿನ ಅತಿ ಹಳೆಯ ಅಂಗಡಿಗೆ ಒಂದು ಹಿತ್ತಾಳೆ ಫಲಕ. ಅದರ ಮೇಲೆ ಅಲ್ಲಿ ದುಡಿದ ಮೂಲಪುರುಷನ ಹೆಸರು. ಎದುರಿನ ಬೇಕರಿಯ ಕ್ಲಾರೆನ್ಸ್ ಟಫ್ಟನ್ ಆಗಲೇ ಗೋಡೆಯಲ್ಲಿ ಜಾಗ ಅಳೆಯುತ್ತಿದ್ದ. ಆ ಫಲಕ ಅವನ ಬನ್ನುಗಳ ಮೇಲೆ ನೇತಾಡುವುದನ್ನು ನೆನೆಸಿಕೊಂಡೇ ನನಗೆ ಎರಡು ದಿನ ಊಟ ಸೇರಲಿಲ್ಲ. (ಮೂರನೇ ದಿನ ಸ್ಟೀಕ್ ಪೈ ಇತ್ತು, ಸೇರಿತು.)

ನನ್ನ ಹತ್ತಿರ ಬ್ರಹ್ಮಾಸ್ತ್ರ ಇತ್ತು. ಹಿಂದಿನ ಕಾಲದಲ್ಲಿ ಊರೂರಿಗೆ ಜನ ಕಳಿಸಿ, ಯಾವ ಬೀದಿಯಲ್ಲಿ ಯಾರು ಯಾವ ಕಸುಬು ಮಾಡುತ್ತಾರೆ ಅಂತ ಕೇಳಿ ಬರೆದು, ದಪ್ಪ ದಪ್ಪ ವ್ಯಾಪಾರಿ ಡೈರೆಕ್ಟರಿಗಳನ್ನು ಅಚ್ಚು ಹಾಕುತ್ತಿದ್ದರು. ಸಾವಿರದ ಎಂಟುನೂರ ಇಪ್ಪತ್ತೆಂಟರ ಡೈರೆಕ್ಟರಿಯಲ್ಲಿ ನಾನು ನನ್ನ ಮುತ್ತಜ್ಜನ ಅಜ್ಜನನ್ನು ಪತ್ತೆ ಮಾಡಿದೆ: ಜೋಸಾಯಾ ಸ್ಪ್ರಾಗ್, ಕಬ್ಬಿಣದ ಸಾಮಾನು, ಹೈ ಸ್ಟ್ರೀಟ್. ಮುಂದಿನದರಲ್ಲೂ ಅವನೇ. ಅದರ ಮುಂದಿನದರಲ್ಲೂ ಅವನೇ. ಅರವತ್ತೊಂಬತ್ತರವರೆಗೆ, ಒಂದೂ ತಪ್ಪಿಲ್ಲದೆ, ನಲವತ್ತೊಂದು ವರ್ಷ!

ಆ ದಿನ ನಾನು ಅಂಗಡಿಗೆ ನಡೆದು ಬರಲಿಲ್ಲ, ಮೆರವಣಿಗೆ ಬಂದೆ.

"ಕೇಳಿದೆಯಾ ಡೋರೀನ್? ನಲವತ್ತೊಂದು ವರ್ಷ! ಒಂದು ದಿನ ರಜೆ ಇಲ್ಲ. ಅದು ಕಣೇ ಸ್ಪ್ರಾಗ್ ಗಂಡಸರು ಅಂದ್ರೆ!"

ಡೋರೀನ್ ಏಣಿಯ ಮೇಲಿದ್ದಳು. ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದಳು. ತೆಗೆದು ಕೇಳಿದಳು: "ಹುಟ್ಟಿದ್ದು ಯಾವಾಗ ಅವನು?"

"ಸಾವಿರದ ಏಳುನೂರ ಎಪ್ಪತ್ತೆಂಟು. ಚರ್ಚಿನ ಪುಸ್ತಕದಲ್ಲಿ ನಾನೇ ನೋಡಿದೀನಿ."

"ಹಾಗಾದ್ರೆ ಕೊನೇ ಸಲ ತೊಂಬತ್ತೊಂದು ವರ್ಷ. ತೊಂಬತ್ತೊಂದರ ಮುದುಕ ಕಬ್ಬಿಣದ ಒಲೆ ಎತ್ತಿಡ್ತಿದ್ದನಾ? ನೀನು ಐವತ್ತೆಂಟಕ್ಕೆ ಟೀ ತಟ್ಟೆ ಎತ್ತಲ್ವಲ್ಲೋ ಮಾರಾಯ!"

"ಆಗಿನವರ ಎಲುಬೇ ಬೇರೆ," ಅಂದೆ, ಗಂಭೀರವಾಗಿ.

ಅರ್ಜಿ ಹಾಕಿದೆ. ಫಲಕದ ಒಕ್ಕಣೆಯನ್ನೂ ನಾನೇ ಬರೆದುಕೊಟ್ಟೆ: 'ಇಲ್ಲಿ ನಲವತ್ತೊಂದು ವರ್ಷ ಬೆವರು ಸುರಿಸಿದ ಜೋಸಾಯಾ ಸ್ಪ್ರಾಗ್.' ಸಂಘದ ಅಧ್ಯಕ್ಷೆ ಮಿಸೆಸ್ ಆರ್ಕ್‌ರೈಟ್ ಬಹಳ ಮೆಚ್ಚಿದರು. "ಒಂದೇ ಒಂದು ನಿಯಮ ಮಿಸ್ಟರ್ ಸ್ಪ್ರಾಗ್. ಡೈರೆಕ್ಟರಿ ಒಂದೇ ಸಾಲದು, ಇನ್ನೊಂದು ದಾಖಲೆ ಬೇಕು. ಶುಕ್ರವಾರದೊಳಗೆ ತಂದುಕೊಡಿ," ಅಂದರು. ಅಷ್ಟೇ ತಾನೇ! ಆ ಕಾಲದ ಜನಗಣತಿ ತೆಗೆದರೆ ಜೋಸಾಯಾ ಕುಟುಂಬ ಸಮೇತ ಸಾಲಾಗಿ ಕೂತಿರುತ್ತಾನೆ ಅಂತ ನನಗೆ ಗೊತ್ತಿತ್ತು. ಪಬ್ಬಿನಲ್ಲಿ ಎಲ್ಲರಿಗೂ ಫಲಕದ ಸುದ್ದಿ ಹೇಳಿಯೂ ಬಿಟ್ಟೆ.

ಬುಧವಾರ ನಮ್ಮೂರ ಅಂಗಡಿಗಳಿಗೆಲ್ಲ ಅರ್ಧ ದಿನ ರಜೆ. ನನ್ನ ಗೆಲುವನ್ನು ಡೋರೀನ್ ಕಣ್ಣಾರೆ ನೋಡಲಿ ಅಂತ ಉದಾರ ಮನಸ್ಸಿನಿಂದ ಅವಳನ್ನೂ ದಾಖಲೆ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಪೆನ್ನು ಕೂಡದು, ಪೆನ್ಸಿಲು ಮಾತ್ರ. ಮಾತು ಕೂಡದು, ಪಿಸುಮಾತು ಮಾತ್ರ. ಅಲ್ಲಿನ ಮಿಸ್ ಪೆಲ್ಹಮ್ ಸಾವಿರದ ಎಂಟುನೂರ ಐವತ್ತೊಂದನೇ ಇಸವಿಯ ಜನಗಣತಿಯ ಪುಟಗಳ ಫೋಟೋ ಇರುವ ಫಿಲ್ಮು ಸುರುಳಿ ತಂದು, ಪರದೆಯ ಯಂತ್ರಕ್ಕೆ ಹಾಕಿಕೊಟ್ಟರು. ನಾನು ಹಿಡಿಕೆ ತಿರುಗಿಸುತ್ತಾ ಹೋದೆ. ಹೈ ಸ್ಟ್ರೀಟ್ ಬಂತು. ನನ್ನ ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳುತ್ತಿದ್ದೆ. ಓದಿದವಳು ಡೋರೀನ್.

"ಮನೆಯ ಯಜಮಾನಿ, ಟಬಿತಾ ಸ್ಪ್ರಾಗ್. ವಯಸ್ಸು ಐವತ್ತೆಂಟು. ಕಬ್ಬಿಣದ ಸಾಮಾನಿನ ವ್ಯಾಪಾರಿ, ಕೈಕೆಳಗೆ ಮೂರು ಜನ ಆಳು." ಒಂದು ಉಸಿರು ಬಿಟ್ಟು ಸೇರಿಸಿದಳು: "ವಿಧವೆ."

"ಬೇರೆ ಮನೆ ಇರ್ಬೇಕು, ಮುಂದೆ ತಿರುಗಿಸು," ಅಂದೆ.

"ಬೇರೆ ಮನೆ ಹೇಗಾಗುತ್ತೆ? ಪಕ್ಕದಲ್ಲಿ ಕುದುರೆ ಲಾಯದ ಛತ್ರ, ಅದೇ ಈಗಿನ ಪಬ್ಬು; ಆ ಪಕ್ಕ ಔಷಧಿ ಅಂಗಡಿ, ಈಗಲೂ ಇದೆ. ನಮ್ಮ ಮನೇನೇ ಕಣೋ!"

"ಹಾಗಾದ್ರೆ ಜೋಸಾಯಾ ಅವತ್ತು ಊರಲ್ಲಿರಲಿಲ್ಲ. ಸರಕು ತರೋಕೆ ಹೋಗಿದ್ದ."

"ವಿಧವೆ ಅಂತ ಬರೆಸಿ ಹೋಗಿದ್ದನಾ?"

ಪಿಸುಮಾತು ಎಲ್ಲೆ ಮೀರಿತ್ತು. ಮಿಸ್ ಪೆಲ್ಹಮ್ ಬಂದರು. ಬೈಯುತ್ತಾರೆ ಅಂದುಕೊಂಡರೆ ಅವರು ಪರದೆ ನೋಡಿ, ಒಳಗೆ ಹೋಗಿ, ಚರ್ಚಿನ ಸಮಾಧಿ ಪುಸ್ತಕ ತಂದು ನಮ್ಮ ಮುಂದೆ ಬಿಚ್ಚಿಟ್ಟರು. ಜೋಸಾಯಾ ಸ್ಪ್ರಾಗ್, ಹೈ ಸ್ಟ್ರೀಟ್. ಮಣ್ಣಾದದ್ದು ಸಾವಿರದ ಎಂಟುನೂರ ಇಪ್ಪತ್ತೊಂಬತ್ತು, ಫೆಬ್ರವರಿ ಏಳು.

"ಇದು ಬಹಳ ಜನ ಮಾಡೋ ತಪ್ಪು," ಅಂದರು ಮಿಸ್ ಪೆಲ್ಹಮ್, ಸಮಾಧಾನದ ದನಿಯಲ್ಲಿ. "ಗಂಡ ಹೋದ ಮೇಲೆ ಎಷ್ಟೋ ಹೆಂಗಸರು ಅವನ ಹೆಸರಲ್ಲೇ ಅಂಗಡಿ ನಡೆಸೋರು. ಹಳೇ ಹೆಸರು ಅಂದ್ರೆ ಗಿರಾಕಿಗಳು ಬಿಟ್ಟು ಹೋಗಲ್ಲ ನೋಡಿ. ಡೈರೆಕ್ಟರಿಯವರು ಬಂದು ಕೇಳಿದ್ರೆ ಅದೇ ಹೆಸರು ಹೇಳಿ ಕಳಿಸೋರು. ಅವರೂ ಬರ್ಕೊಂಡು ಹೋಗೋರು."

ಲೆಕ್ಕ ಹಾಕಿದೆ. ಸ್ಪ್ರಾಗ್ ವಂಶದ ಮೂಲಪುರುಷ, ಬೆವರು ಸುರಿಸಿದ ಮಹಾನುಭಾವ, ನಲವತ್ತೊಂದು ವರ್ಷದಲ್ಲಿ ನಲವತ್ತು ವರ್ಷ ಮಣ್ಣಿನಡಿ ಮಲಗಿಯೇ ದುಡಿದಿದ್ದ. ಒಂದು ದಿನ ರಜೆ ಹಾಕಿರಲಿಲ್ಲ ಅನ್ನೋದು ನಿಜವೇ.

ಬಸ್ಸಿನಲ್ಲಿ ಡೋರೀನ್ ನಗುತ್ತಾಳೆ, ಊರೆಲ್ಲ ಸಾರುತ್ತಾಳೆ ಅಂತ ಮೈ ಹಿಡಿಮಾಡಿಕೊಂಡು ಕೂತಿದ್ದೆ. ಅವಳು ನಗಲಿಲ್ಲ. ಕಿಟಕಿಯಾಚೆ ಕುರಿಗಳನ್ನು ನೋಡುತ್ತಾ ಕೂತಿದ್ದಳು.

"ಡೋರೀನ್," ಅಂದೆ, "ಸಂಘದವರಿಗೆ ಸಮಾಧಿ ಪುಸ್ತಕದ ವಿಷಯ ಗೊತ್ತಾಗಬೇಕಿಲ್ಲ. ಇನ್ನೊಂದು ದಾಖಲೆ ಅಂತ ಅವನು ಹುಟ್ಟಿದ್ದು ಬರೆದಿರೋ ಚರ್ಚಿನ ಪುಸ್ತಕ ತೋರಿಸಿದ್ರೆ..."

"ಮೂವತ್ತಾರು ವರ್ಷದ ಹೆಂಗಸು," ಅಂದಳು ಅವಳು, ನನ್ನ ಮಾತು ಕೇಳಿಸಿಕೊಳ್ಳದೆ. "ಚಳಿಗಾಲದಲ್ಲಿ ಗಂಡನ್ನ ಮಣ್ಣು ಮಾಡಿ, ಮಾರನೇ ದಿನ ಬಂದು ಅಂಗಡಿ ಬಾಗಿಲು ತೆಗೆದಿರ್ತಾಳೆ. ನಲವತ್ತು ವರ್ಷ. ಒಂದು ಡೈರೆಕ್ಟರಿಯಲ್ಲೂ ಅವಳ ಹೆಸರಿಲ್ಲ. ನೀನೂ ಹಾಕಬೇಡ ಬಿಡು. ಅಭ್ಯಾಸ ಆಗಿರುತ್ತೆ ಅವಳಿಗೆ."

ಬೈದಿದ್ದರೆ ತಡಕೊಳ್ಳುತ್ತಿದ್ದೆ. ಬೈಗುಳ ತಿಂದು ತಿಂದು ಚರ್ಮ ಗಟ್ಟಿಯಾಗಿದೆ. ಇದು ನೇರ ಎದೆಗೇ ಚುಚ್ಚಿತು. ಅವಳ ಕೈ ನೋಡಿದೆ. ಬೆರಳ ತುದಿಗಳಲ್ಲಿ ಗ್ರೀಸಿನ ಕಪ್ಪು, ಹೆಬ್ಬೆರಳಿಗೆ ಪಟ್ಟಿ. ನನ್ನ ಬೆರಳಲ್ಲಿ ಪೆನ್ಸಿಲಿನ ಗುರುತು. ನನಗೆ ನಿಜವಾಗಿ ನಾಚಿಕೆಯಾಯಿತು.

ಗುರುವಾರ ಬೆಳಗ್ಗೆಯೇ ಮಿಸೆಸ್ ಆರ್ಕ್‌ರೈಟ್ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಫಲಕ ಕೈಬಿಟ್ಟು ಹೋಗಲಿ, ಟಫ್ಟನ್‌ನ ಬನ್ನುಗಳು ಬೆಳಗಲಿ ಅಂತ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಆಕೆ ಕುರ್ಚಿಯಿಂದ ಎದ್ದೇಬಿಟ್ಟರು. "ಆ ಕಾಲದಲ್ಲಿ ಹೆಂಗಸೊಬ್ಬಳು, ಕಬ್ಬಿಣದ ಅಂಗಡಿ, ನಲವತ್ತು ವರ್ಷ! ಇದನ್ನ ಮೊದಲೇ ಹೇಳೋದಲ್ವೇ ಮಿಸ್ಟರ್ ಸ್ಪ್ರಾಗ್!"

ಹೀಗೆ ಫಲಕ ಬಂತು, 'ತೀರಿಹೋದ ಗಂಡನ ಹೆಸರಲ್ಲಿ ನಲವತ್ತು ವರ್ಷ ಇಲ್ಲಿ ಅಂಗಡಿ ನಡೆಸಿದ ಟಬಿತಾ ಸ್ಪ್ರಾಗ್' ಅಂತ. ಪರದೆ ಸರಿಸಿದವಳು ಡೋರೀನ್. ಕಣ್ಣೊರೆಸಿಕೊಂಡವನು ನಾನು. (ಗಾಳಿ ಜೋರಾಗಿತ್ತು.) ಅವತ್ತೇ ಎಲ್ಲರೆದುರು ಘೋಷಣೆ ಮಾಡಿದೆ: "ಇನ್ನು ದಾಖಲೆ ಕಚೇರಿ ಸಾಕು. ನಾಳೆಯಿಂದ ನಾನೇ ಅಂಗಡಿಯಲ್ಲಿ ನಿಲ್ಲುತ್ತೇನೆ!" ಜನ ಚಪ್ಪಾಳೆ ತಟ್ಟಿದರು. ಡೋರೀನ್ ಮಾತ್ರ ಸ್ವಲ್ಪ ಗಾಬರಿಯಾದ ಹಾಗೆ ಕಂಡಳು.

ಮಾರನೇ ದಿನ ಸರಿಯಾಗಿ ಎಂಟಕ್ಕೆ ಏಪ್ರನ್ ಕಟ್ಟಿಕೊಂಡು ನಿಂತೆ. ಮೊದಲ ಗಿರಾಕಿ ಗೇಟಿಗೆ ಹಾಕುವ ಕೀಲು ಕೇಳಿದ. ನಮ್ಮ ಅಂಗಡಿಯಲ್ಲಿ ನಾನೂರು ಡ್ರಾಯರು ಇವೆ ಅಂತ ನನಗೆ ತಿಳಿದದ್ದೇ ಅವತ್ತು. ಹನ್ನೊಂದು ಡ್ರಾಯರು ಎಳೆದೆ, ಒಂದು ಕಾಲ ಮೇಲೆ ಬಿತ್ತು. ಡೋರೀನ್ ಕಣ್ಣು ಎತ್ತದೆಯೇ ಕೈ ಚಾಚಿ ಕೀಲು ತೆಗೆದುಕೊಟ್ಟಳು. "ದೊರೆಗಳು ಆ ಮೂಲೇಲಿ ಕೂತು ತಿರುಪು ಬೇರೆ, ಮೊಳೆ ಬೇರೆ ಮಾಡಿ," ಅಂದಳು. ಕೂತೆ.

ಹತ್ತೂವರೆಗೆ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ದೊಡ್ಡ ಕಡತ. ಊರಿನ ವ್ಯಾಪಾರಿಗಳದ್ದು ಹೊಸ ಡೈರೆಕ್ಟರಿ ಅಚ್ಚಾಗುತ್ತಿದೆಯಂತೆ, ವಿವರ ಬೇಕಂತೆ. ನನ್ನ ರೋಮ ರೋಮ ನಿಮಿರಿತು. ಇತಿಹಾಸ ತಾನಾಗೇ ಬಾಗಿಲಿಗೆ ಬಂದಿದೆ! ಡೋರೀನ್ ಹೆಸರನ್ನೇ ಹೇಳಿ ಶತಮಾನದ ಅನ್ಯಾಯ ಸರಿಪಡಿಸುತ್ತೇನೆ ಅಂತ ಮೊಳೆಗಳ ನಡುವಿನಿಂದ ಏಳಲು ಹೊರಟೆ. ಮಂಡಿ ಹಿಡಿದುಕೊಂಡಿತ್ತು, ತಡವಾಯಿತು.

"ಅಂಗಡಿ ಯಾರ ಹೆಸರಲ್ಲಿದೆ?"

"ಸೆಡ್ರಿಕ್ ಸ್ಪ್ರಾಗ್," ಅಂದಳು ಡೋರೀನ್.

"ಅವರನ್ನ ಒಂದು ನಿಮಿಷ ನೋಡಬಹುದಾ? ಸಹಿ ಬೇಕಿತ್ತು."

"ಸಹಿ ನಾನೇ ಹಾಕ್ತೀನಮ್ಮ. ನಮ್ಮ ಅಂಗಡೀಲಿ ಗಂಡಸರ ಹೆಸರು ಹಾಗೇ ಇಟ್ಕೊಳ್ಳೋದು ಪದ್ಧತಿ. ಹೊರಗಿನ ಫಲಕ ಓದಿಲ್ವಾ?"

ಅವಳು ಓದಿದ್ದಳು. ಪೆನ್ನು ಕೆಳಗಿಟ್ಟು, ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಪಾಪ, ಗೊತ್ತಿರಲಿಲ್ಲ ಮಿಸೆಸ್ ಸ್ಪ್ರಾಗ್. ತುಂಬಾ ಬೇಜಾರಾಯ್ತು." ಆಮೇಲೆ ಮೂಲೆಯಲ್ಲಿ ಅರ್ಧ ಎದ್ದು ನಿಂತಿದ್ದ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು: "ಇವರು ಅವರ ಪೈಕಿಯವರಾ?"

ನಾನು ಬಾಯಿ ತೆರೆದೆ. ಡೋರೀನ್ ನನಗಿಂತ ಮೊದಲು ಮಾತಾಡಿದಳು.

"ಬಹಳ ಹತ್ತಿರದವರು. ಅವರಿಲ್ಲದ ಕೊರತೆ ತುಂಬೋಕೆ ಅಂತ ಇವತ್ತೇ ಕೆಲಸಕ್ಕೆ ತಗೊಂಡಿದೀನಿ. ನೋಡೋಣ, ಶನಿವಾರದವರೆಗೆ ಇಟ್ಕೊಂಡು."