ಬಾಗಿಲ ಮೇಲೊಂದು ನಂಬರು

ಜನರನ್ನು ಎಣಿಸುವುದರಲ್ಲಿ ಏನು ಮಹಾ ಕಷ್ಟವಿದೆ? ಬಾಗಿಲು ತಟ್ಟಬೇಕು, ಹೆಸರು ಕೇಳಬೇಕು, ಬರೆದುಕೊಳ್ಳಬೇಕು, ಥ್ಯಾಂಕ್ಯೂ ಹೇಳಿ ಬರಬೇಕು. ಎರಡು ಸಾವಿರನೇ ಇಸವಿಯಲ್ಲಿ ಅಮೆರಿಕದ ಜನಗಣತಿಗೆ ತಾತ್ಕಾಲಿಕ ನೌಕರಳಾಗಿ ಸೇರಿದಾಗ ನಾನು ತಿಳಿದಿದ್ದು ಇಷ್ಟೇ. ಆಗ ನಾವಿದ್ದ ಬೇ ಏರಿಯಾದಲ್ಲಿ ಕಂಡಕಂಡವರಿಗೆಲ್ಲ ಡಾಟ್‌ಕಾಮ್ ಕಂಪನಿಗಳಲ್ಲಿ ಕೆಲಸ ಸಿಗುತ್ತಿತ್ತು. ಮನೆಮನೆ ಸುತ್ತುವ ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ನಾನು ಸಿಕ್ಕಿದೆ!

ಅಮೆರಿಕದ ಸಿಟಿಜನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೈಯೆತ್ತಿ ಪ್ರಮಾಣವಚನ ಸ್ವೀಕರಿಸಿದ ಬಿಸಿ ಆರಿರಲಿಲ್ಲ. ದೇಶಸೇವೆ ಮಾಡಿಯೇ ತೀರಬೇಕೆಂದು ಮಿಲ್ಪಿಟಾಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಘೋಷಿಸಿದೆ. ನನ್ನ ಗಂಡ ನಾಗರಾಜ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ.

"ಗ್ರೋಸರಿಗೆ ಹೋದ್ರೆ ವಾಪಸ್ ಬರೋ ದಾರಿ ಕೇಳಕ್ಕೆ ನಂಗೆ ಫೋನ್ ಮಾಡ್ತೀಯ. ಹಳ್ಳಿಗಾಡಲ್ಲಿ ಮನೆ ಹುಡುಕ್ತೀಯೇನೇ ನೀನು?"

"ನಮ್ಮಪ್ಪ ಮೇಷ್ಟ್ರು ಕಣ್ರೀ. ಮದ್ದೂರು ಸುತ್ತ ಎಷ್ಟು ಸಲ ಜನಗಣತಿ ಮಾಡಿದಾರೆ ಗೊತ್ತಾ? ನಂಗೆ ರಕ್ತದಲ್ಲೇ ಬಂದಿದೆ."

ನನಗೆ ಕೊಟ್ಟಿದ್ದು ಬೇ ಏರಿಯಾದ ಅಂಚಿನ ಒಂದು ಹಳ್ಳಿಗಾಡಿನ ಕೌಂಟಿ, ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಫ್ರೀವೇ ಬಿಟ್ಟು ಗುಡ್ಡ ದಾಟಿದರೆ ಏಪ್ರಿಕಾಟ್ ಹಣ್ಣಿನ ತೋಟ, ಬೆಳ್ಳುಳ್ಳಿ ಹೊಲ, ದನಗಳು. ಅಂಚೆಯಲ್ಲಿ ವಿವರ ಕಳಿಸದವರ ಮನೆಗೆ ಹೋಗಿ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಅವರು ಯಾವ ಜನಾಂಗದವರು ಎಂದು ಕೇಳಬೇಕು. ಕೊನೆಯ ಪ್ರಶ್ನೆಯನ್ನು ಬಹಳ ಸೂಕ್ಷ್ಮವಾಗಿ ಕೇಳಿ ಎಂದು ತರಬೇತಿಯಲ್ಲಿ ಮತ್ತೆ ಮತ್ತೆ ಎಚ್ಚರಿಸಿದರು. ನನಗೆ ಒಳಗೊಳಗೇ ನಗು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರನ್ನು "ನೀವು ಯಾವ ಜನ?" ಎಂದು ಕೇಳದೆ ಮುಂದಿನ ಸ್ಟಾಪು ಬರುವುದಿಲ್ಲ. ಅದನ್ನೇ ಕೇಳಲು ಇಲ್ಲಿ ಸಂಬಳ ಕೊಡುತ್ತಾರೆ!

ಆದರೆ ಆ ಕೌಂಟಿಯ ಜನ ನನ್ನನ್ನೇ ಪರೀಕ್ಷೆ ಮಾಡಿದರು. ಡೈರಿ ನಡೆಸುವ ಪೋರ್ಚುಗೀಸ್ ತಾತ "ನಾನು ಬಿಳಿಯನೋ ಅಲ್ಲವೋ ನೀನೇ ನೋಡಿ ಹೇಳು" ಎಂದು ತೋಳು ಚಾಚಿದ. ಬಿಸಿಲಲ್ಲಿ ದುಡಿದ ಆ ತೋಳು ನನ್ನದಕ್ಕಿಂತ ಕಪ್ಪಗಿತ್ತು. ಇನ್ನೊಂದು ಮನೆಯಲ್ಲಿ ಅಪ್ಪ ಮೆಕ್ಸಿಕೋದವರು, ಅಮ್ಮ ಫಿಲಿಪಿನೋ. ಮಕ್ಕಳು ಯಾರ ಕಡೆ ಎಂಬ ಬಗ್ಗೆ ಊಟದ ಮೇಜಿನ ಸುತ್ತ ಜಗಳವೇ ಹತ್ತಿತು. ಎರಡೂ ಕಡೆ ಗುರುತು ಹಾಕಬಹುದೆಂದು ಹೇಳಿ ಒಂದು ಸಂಸಾರವನ್ನು ಉಳಿಸಿ ಬಂದೆ. ದೊಡ್ಡ ಟೋಪಿಯ ಒಬ್ಬ ದನದ ಯಜಮಾನ ಮಾತ್ರ "ಅಮೆರಿಕನ್ ಅಂತ ಬರಿ, ಅಷ್ಟು ಸಾಕು" ಎಂದು ನಾಯಿ ಬಿಟ್ಟ. ಬರೆದೆ. ಓಡುತ್ತಾ ಬರೆದೆ.

ನಿಜವಾದ ತೊಂದರೆ ಬೇರೆಯೇ ಇತ್ತು. ಆ ಮನೆಗಳಿಗೆ ನಂಬರಿಲ್ಲ. ಇದ್ದರೂ ಎಲ್ಲೋ ರಸ್ತೆಯಂಚಿನ ಟಪಾಲು ಡಬ್ಬಿಯ ಮೇಲೆ ಅರ್ಧ ಅಳಿಸಿರುತ್ತದೆ. ಒಂದೇ ಮನೆಗೆ ಎರಡು ಸಲ ಹೋಗಿ ಬೈಸಿಕೊಂಡ ಮೇಲೆ ಅಪ್ಪನ ನೆನಪಾಯಿತು. ಅಪ್ಪ ಎಣಿಸಿದ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಒಂದು ನಂಬರು ಬರೆಯುತ್ತಿದ್ದರು. ನಮ್ಮೂರಲ್ಲಿ ಯಾವ ಮನೆಯ ಬಾಗಿಲು ನೋಡಿದರೂ ಮೇಲೆ ಅಂಥ ನಂಬರಿರುತ್ತಿತ್ತು. ಗುರುತು ಹಾಕದಿದ್ದರೆ ಅದು ಎಣಿಕೆಯೇ ಅಲ್ಲ!

ಮರುದಿನ ಮಗಳ ದಪ್ಪ ಹಳದಿ ಸೀಮೆಸುಣ್ಣ ಕೈಚೀಲದಲ್ಲಿ ಹಾಕಿಕೊಂಡು ಹೊರಟೆ. ಆಗಲೇ ಎಣಿಸಿ ಬಂದಿದ್ದ ಮನೆಗಳಿಂದ ಹಿಡಿದು ಅವತ್ತು ಹೋದ ಮನೆಗಳವರೆಗೆ ಬಾಗಿಲ ಮೇಲೆಲ್ಲ ಮುತ್ತಿನಂಥ ಅಕ್ಷರದಲ್ಲಿ ನಂಬರು ಬರೆದೆ. ಇಷ್ಟು ದೊಡ್ಡ ದೇಶಕ್ಕೆ ಈ ಸಣ್ಣ ಉಪಾಯ ಹೊಳೆಯಲಿಲ್ಲವಲ್ಲ ಎಂದು ಮರುಕವೂ ಆಯಿತು.

ಅವತ್ತಿನ ಕೊನೆಯ ಮನೆ ಏಪ್ರಿಕಾಟ್ ತೋಟದ ನಡುವೆ ಇತ್ತು. ಅಲ್ಲಿ ಒಬ್ಬ ಅಜ್ಜಿ, ಮದುವೆಯಾಗದ ಮಗ. ಯಾರ ಹೆಸರನ್ನೂ ಹೇಳುವುದಿಲ್ಲವೆಂದು ಸರ್ಕಾರಕ್ಕೆ ಮಾತು ಕೊಟ್ಟಿದ್ದೇನೆ. ಅಜ್ಜಿ ಎಂದರೆ ಸಾಕು. ಅಜ್ಜಿ ಟೀ ಕೊಟ್ಟರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಜನಾಂಗದ ಪ್ರಶ್ನೆ ಬಂದಾಗ ಮಾತ್ರ ಟೀ ಕಪ್ಪು ಕೆಳಗಿಟ್ಟು, "ಜಪಾನೀಸ್" ಎಂದರು. ನಾನು ಗುರುತು ಹಾಕಿಕೊಂಡೆ. ಹೊರಗೆ ಬಂದು ಬಾಗಿಲ ಮೇಲೆ ಇಪ್ಪತ್ತೇಳು ಎಂದು ಬರೆದೆ. ಅಜ್ಜಿಯ ಮುಖದಲ್ಲಿದ್ದ ನಗು ಹೋಯಿತು. ಬಿಸಿಲಿರಬೇಕು ಅಂದುಕೊಂಡೆ. ಎಂಥ ಬುದ್ಧಿವಂತಿಕೆ ನನ್ನದು!

ಶನಿವಾರ ಬೆಳಿಗ್ಗೆ ನಮ್ಮ ಮೇಲ್ವಿಚಾರಕಿ ಡೆಬ್ಬಿಯ ಫೋನು ಬಂತು.

"ಕಳ್ಳರು ಮನೆಗಳಿಗೆ ಗುರುತು ಹಾಕಿ ಹೋಗಿದ್ದಾರೆ ಅಂತ ಜನ ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ನಿನಗೇನಾದರೂ ಗೊತ್ತಾ?"

"ಗೊತ್ತು! ಅದು ನನ್ನದೇ ಅಕ್ಷರ" ಎಂದೆ. ಹೊಗಳುತ್ತಾಳೆಂದೇ ಇನ್ನೂ ಆಸೆ.

ಸಿಕ್ಕಿದ್ದು ಹೊಗಳಿಕೆಯಲ್ಲ. ಸಂಜೆಯೊಳಗೆ ಒಂದೊಂದನ್ನೂ ಒರೆಸಿ ಬರಬೇಕೆಂಬ ಅಪ್ಪಣೆ.

ಬಕೆಟ್ಟು, ಹಳೆಯ ಬನಿಯನ್ನು ಮತ್ತು ನಾಗರಾಜನನ್ನು ಕಾರಿಗೆ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರದೊಂದೇ ಮಾತು. "ಬರೆಯೋಕೆ ನಿಂಗೆ ಸಂಬಳ. ಒರೆಸೋ ನಂಗೆ?" ಪೋರ್ಚುಗೀಸ್ ತಾತ ಒರೆಸುವುದನ್ನು ನೋಡಲು ಕುರ್ಚಿ ಹಾಕಿಕೊಂಡು ಕೂತ. ದನದ ಯಜಮಾನನ ನಾಯಿಗೆ ನನ್ನ ಗುರುತು ಚೆನ್ನಾಗಿತ್ತು. ಈ ಸಲ ಇಬ್ಬರೂ ಓಡಿದೆವು.

ಏಪ್ರಿಕಾಟ್ ತೋಟಕ್ಕೆ ಬಂದಾಗ ಮಧ್ಯಾಹ್ನ. ಸುಡು ಬಿಸಿಲು. ವರಾಂಡದ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ಮೈಮೇಲೆ ಉಣ್ಣೆಯ ಕೋಟು, ತಲೆಗೆ ಹ್ಯಾಟು, ಕಾಲ ಬಳಿ ಹಳೆಯದೊಂದು ಸೂಟ್‌ಕೇಸು. ಎಲ್ಲಿಗೋ ಹೊರಟಿದ್ದಾರೆ ಎಂದುಕೊಂಡು, "ಊರಿಗಾ ಅಜ್ಜಿ?" ಎಂದು ನಗುತ್ತಾ ಕೇಳಿದೆ.

ಅವರು ನನ್ನನ್ನು ನೋಡಲಿಲ್ಲ. ಕಾರಿನ ಪಕ್ಕ ನಿಂತಿದ್ದ ನಾಗರಾಜನನ್ನು ನೋಡಿದರು. ಖಾಕಿ ಪ್ಯಾಂಟು, ಕಪ್ಪು ಕನ್ನಡಕ. ಆಫೀಸಿನಲ್ಲಿ ಎಲ್ಲರೂ ಹಾಕುವ ಪ್ಯಾಂಟೇ ಅದು. ಅಜ್ಜಿ ಎದ್ದು ನಿಂತರು.

"ನಾನು ಸಿದ್ಧವಾಗಿದ್ದೇನೆ. ಮಗನನ್ನು ಬಿಟ್ಟುಬಿಡಿ. ಹಣ್ಣು ಕೀಳುವ ಕಾಲ, ಅವನು ಇಲ್ಲಿರಬೇಕು."

ಸೂಟ್‌ಕೇಸು ಎತ್ತಿಕೊಂಡು ಮೆಲ್ಲಗೆ ನಡೆದು, ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತರು.

"ಏನೇ ಇದು?" ಎಂದರು ನಾಗರಾಜ. "ಇವರನ್ನ ಎಲ್ಲಿಗೆ ಬಿಡ್ಬೇಕಂತೆ?"

ನನಗೂ ತಿಳಿಯಲಿಲ್ಲ. ಕಾರಿನ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು, ನಮ್ಮೂರು, ನಮ್ಮಪ್ಪ, ಸೀಮೆಸುಣ್ಣ ಎಂದು ಏನೇನೋ ಬಡಬಡಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ನನ್ನ ಹರೆಯದಲ್ಲಿ ಬಂದಿದ್ದ ಹುಡುಗಿಯೂ ಒಳ್ಳೆಯವಳೇ" ಎಂದರು. "ಎಣಿಸಿಕೊಂಡು ಹೋದಳು. ಆಮೇಲೆ ಯುದ್ಧ ಬಂತು. ನಮ್ಮ ಮನೆಗೆ ಒಂದು ನಂಬರು ಕೊಟ್ಟರು. ಅದರ ಚೀಟಿಯನ್ನು ಮೈಮೇಲಿನ ಕೋಟಿಗೆ ಕಟ್ಟಿಕೊಂಡು ಬನ್ನಿ, ಹೊರುವಷ್ಟು ಮಾತ್ರ ತನ್ನಿ ಅಂದರು. ಕುದುರೆ ಲಾಯದಲ್ಲಿ ಮಲಗಿಸಿದರು."

ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ಜಪಾನೀಯರನ್ನೆಲ್ಲ ಮನೆ ಬಿಡಿಸಿ, ಮುಳ್ಳುತಂತಿಯೊಳಗೆ ವರ್ಷಗಟ್ಟಲೆ ಇಟ್ಟಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಸಿಟಿಜನ್ ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಎದ್ದು ಓಡಿಹೋಗಿ ಬಾಗಿಲ ಮೇಲಿನ ನಂಬರನ್ನು ಉಜ್ಜಿ ಉಜ್ಜಿ ಒರೆಸಿದೆ. ಅವಸರಕ್ಕೆ ಬಕೆಟ್ಟು ಕಾಲಿಗೆ ತಗುಲಿ ಮಗುಚಿತು. ವರಾಂಡದ ತುಂಬ ಹಳದಿ ನೀರು. ನಾಗರಾಜ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಆ ಖಾಕಿ ಪ್ಯಾಂಟಿಗೆ ಏನು ಮಾಡುವುದೆಂದು ತಿಳಿಯದೆ ಮರದ ಹಿಂದೆ ಹೋಗಿ ನಿಂತರು.

ಸದ್ದು ಕೇಳಿ ತೋಟದಿಂದ ಮಗ ಬಂದ. ಐವತ್ತು ದಾಟಿದ ಮನುಷ್ಯ, ಕೈಯೆಲ್ಲ ಹಣ್ಣಿನ ಅಂಟು. ನನ್ನಿಂದ ವಿಷಯ ಕೇಳಿ ಮೊದಲು ನಕ್ಕ. ಆಮೇಲೆ ಕಾರಿನೊಳಗಿದ್ದ ಸೂಟ್‌ಕೇಸು ನೋಡಿ ನಗು ನಿಲ್ಲಿಸಿದ.

"ಇದು ನಾನು ಹುಡುಗನಾಗಿದ್ದಾಗಿಂದ ಬಾಗಿಲ ಹಿಂದೆಯೇ ಇದೆ. ಭೂಕಂಪಕ್ಕೆ ಅಂತ ಇಟ್ಟಿದ್ದಾರೆ ಅಂದುಕೊಂಡಿದ್ದೆ."

ಇಲ್ಲಿ ಎಲ್ಲರ ಮನೆಯಲ್ಲೂ ಭೂಕಂಪಕ್ಕೆಂದು ಒಂದು ಚೀಲ ಇರುತ್ತದೆ, ನಮ್ಮಲ್ಲೂ ಇದೆ. ಅವನು ಸೂಟ್‌ಕೇಸು ತೆರೆದ. ಎರಡು ತಟ್ಟೆ, ಎರಡು ಲೋಟ, ಹೊದಿಕೆ. ಅಡಿಯಲ್ಲಿ ದೊಡ್ಡದೊಂದು ಸ್ವೆಟರು. ಅವನು ಅದನ್ನು ಎದೆಗೆ ಹಿಡಿದು ನೋಡಿದ. ಅವನ ಈಗಿನ ಅಳತೆಯದೇ. ಅವನು ಬೆಳೆದಂತೆಲ್ಲ ಅಜ್ಜಿ ಬಟ್ಟೆ ಬದಲಿಸಿ ಇಡುತ್ತಾ ಬಂದಿದ್ದರು.

ಅಜ್ಜಿ ಮಾತ್ರ ಕಾರಿನಿಂದ ಇಳಿಯಲೊಲ್ಲರು. "ಒಂದು ಸುತ್ತು ಕರೆದುಕೊಂಡು ಹೋಗಿ ಬನ್ನಿ" ಎಂದು ಮಗ ಅವರ ಪಕ್ಕದಲ್ಲಿ ಕೂತ. ನಾಗರಾಜ ಮೆಲ್ಲಗೆ ಕಾರು ನಡೆಸಿದರು. ತೋಟ ಸುತ್ತಿ, ಗುಡ್ಡದ ಬುಡದವರೆಗೆ ಹೋಗಿ, ಅದೇ ವರಾಂಡದ ಮುಂದೆ ನಿಲ್ಲಿಸಿದೆವು. ಅಜ್ಜಿ ಇಳಿದರು. ಮನೆ, ಮರ ಎಲ್ಲ ಇದ್ದಲ್ಲೇ ಇವೆಯೇ ಎಂದು ಒಮ್ಮೆ ನೋಡಿದರು.

"ಈ ಸಲ ಬೇಗ ಬಿಟ್ಟರು" ಎಂದರು.

ತಮಾಷೆಗೆ ಹೇಳಿದರೆಂದು ನಗಲು ಹೋದೆ. ಅಳು ಬಂತು. ಸರ್ಕಾರ ಕೊಟ್ಟ ಗುರುತಿನ ಬಿಲ್ಲೆ ಕೊರಳಿಗೆ ಹಾಕಿಕೊಂಡು ಗಟ್ಟಿಯಾಗಿ ಅತ್ತೆ. ಕೊನೆಗೆ ಅಜ್ಜಿಯೇ ಬೆನ್ನು ಸವರಿ ನನ್ನನ್ನು ಸಮಾಧಾನ ಮಾಡಬೇಕಾಯಿತು!

ಮಗ ಸೂಟ್‌ಕೇಸು ಎತ್ತಿಕೊಂಡು ಅಟ್ಟದ ಕಡೆ ಹೊರಟ.

"ಅಲ್ಲಿಗಲ್ಲ" ಎಂದರು ಅಜ್ಜಿ. "ಬಾಗಿಲ ಹಿಂದೆ ಇಡು."

ಅವನು ಅಲ್ಲೇ ಇಟ್ಟ. ಚೌಕಟ್ಟಿನ ಮೇಲೆ ಇಪ್ಪತ್ತೇಳರ ಸುಳಿವೂ ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ಒರೆಸಿದ್ದೆ. ನನ್ನ ಕೈಲಾದದ್ದು ಅಷ್ಟೇ.